ಸರ್ವಿಸ್‌ನವ ಕರ್ಕಿ ದಾಟಿದ

ಕಾಸರಕೋಡು ಟೊಂಕದ ರಾಜೀವನಿಗೆ ಸಮುದ್ರದ ಹೆದರಿಕೆ ಇರಲಿಲ್ಲ. ಮೀನು ಹಿಡಿಯುವ ಟ್ರಾಲರ್ ಬೋಟಿನಲ್ಲಿ ಅವನು ಎಂಜಿನ್ ನೋಡಿಕೊಳ್ಳುವವ. ದಡ ಕಾಣದಷ್ಟು ದೂರದಲ್ಲಿ, ಗಾಳಿ ಏಳುವ ಹೊತ್ತಿಗೆ ಎಂಜಿನ್ ಕೆಮ್ಮಿ ನಿಂತಾಗಲೂ ಅವನ ಕೈ ನಡುಗಿದ್ದನ್ನು ಯಾರೂ ಕಂಡಿಲ್ಲ. ಅದೇ ಕೈ ಆಷಾಢದ ಕೊನೆಯ ಭಾನುವಾರ, ತನ್ನದೇ ಅಡುಗೆಮನೆಯಲ್ಲಿ, ಅರ್ಧ ಲೋಟ ಚಹಾವನ್ನು ಲುಂಗಿಯ ಮೇಲೆ ಚೆಲ್ಲಿಕೊಂಡಿತು. ಕಾರಣ ಒಂದು ಮಿಕ್ಸಿ. ಸರಿಯಾಗಿ ಹೇಳಬೇಕೆಂದರೆ, ಆ ಮಿಕ್ಸಿಯನ್ನು ರಿಪೇರಿ ಮಾಡಲು ಬರುತ್ತಿದ್ದ ಮನುಷ್ಯ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಮನುಷ್ಯ ಬಂದೇ ಬರುತ್ತಾನೆ ಎಂಬ ಖಾತ್ರಿ. ಆ ಖಾತ್ರಿಯನ್ನು ಮೂರು ತಾಲೂಕು ಸುತ್ತಿ ಹುಡುಕಿ ಮನೆಗೆ ತಂದವನು ಬೇರೆ ಯಾರೂ ಅಲ್ಲ, ರಾಜೀವನೇ.

ಹಳೆಯ ಮಿಕ್ಸಿ ಹಿಂದಿನ ದೀಪಾವಳಿಗೆ ಹೊಗೆ ಬಿಟ್ಟು ಕಣ್ಣು ಮುಚ್ಚಿತ್ತು. ಹೊಸದು ಯಾವುದು ತರಬೇಕೆಂಬ ಬಗ್ಗೆ ಅವನ ಹೆಂಡತಿ ಸುಚಿತಾಳಿಗೆ ಯಾವ ಗೊಂದಲವೂ ಇರಲಿಲ್ಲ. ಕುಮಟೆಯಲ್ಲಿರುವ ತಂಗಿ ವೀಣಾಳ ಮನೆಯಲ್ಲಿ ಇರುವಂಥದ್ದು. (ಕಂಪನಿಗಳ ಹೆಸರು ಇಲ್ಲಿ ಬೇಡ. ವೀಣಾಳದ್ದು ಕೆಂಪು ಡಬ್ಬದಲ್ಲಿ ಬರುವ ಮಿಕ್ಸಿ. ಅಷ್ಟು ಸಾಕು.) ಅದರ ಜಾರ್ ದೊಡ್ಡದು, ಇಡೀ ತೆಂಗಿನಕಾಯಿಯ ತುರಿ ಒಂದೇ ಸಲಕ್ಕೆ ಹಿಡಿಯುತ್ತದೆ. ಕೆಟ್ಟರೆ ಕುಮಟೆಯ ಪೇಟೆಯಲ್ಲಿ ಬೀರ ಎಂಬವನಿದ್ದಾನೆ, ಮಿಕ್ಸಿಯಿಂದ ಹಿಡಿದು ಟಾರ್ಚಿನವರೆಗೆ ಎಲ್ಲವನ್ನೂ ತಟ್ಟಿ ಎಬ್ಬಿಸುತ್ತಾನೆ. ಹೀಗಂತ ವೀಣಾಳ ಗಂಡ ಕಿರಣ ಹೇಳಿದ್ದ.

ಕಿರಣ ಹೇಳಿದ್ದ ಎಂಬ ಕಾರಣಕ್ಕೇ ರಾಜೀವನಿಗೆ ಆ ಮಿಕ್ಸಿ ಬೇಡವಾಯಿತು. ಷಡ್ಡಕನ ಮಾತಿನಂತೆ ಮನೆಗೆ ಒಂದು ಚಮಚ ತಂದರೂ ಮುಂದೆ ಊಟ ಮಾಡುವಾಗಲೆಲ್ಲ ಆ ಚಮಚ ಮಾತಾಡುತ್ತದೆ ಎಂಬುದು ಅವನ ಅನುಭವ.

"ಜಾರ್ ದೊಡ್ಡದಾ ಸಣ್ಣದಾ ಅಂತ ಯಾರು ಕೇಳ್ತ್ರು ಮಾರಾಯ್ತಿ," ಎಂದ ಅವನು. "ಬೋಟಿಗೆ ಎಂಜಿನ್ ತಕಂಬುವಾಗ ನಾವು ಎಂತ ಕೇಳುದು? ಅದು ಎಷ್ಟು ಓಡ್ತದೆ ಅಂತಲ್ಲ. ನಿಂತ್ರೆ ಯಾರು ಬತ್ರು ಅಂತ. ನಡುನೀರಲ್ಲಿ ಕಂಪನಿ ಹೆಸರು ಹೊತ್ಕಂಡು ಎಂತ ಮಾಡುದು?"

"ಇದು ಅಡುಗೆಮನೆ. ಇಲ್ಲಿ ನೀರು ಮೊಣಕಾಲಿಗೂ ಬರುದಿಲ್ಲ."

"ಮಿಕ್ಸಿ ನಿಂತ್ರೆ ಅಡುಗೆಮನೆನೂ ನಡುಸಮುದ್ರವೇ."

ಸುಚಿತಾ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ಆತು. ನೀವೇ ತನ್ನಿ. ಆದ್ರೆ ನಿಂತ ದಿನ ನಾ ಯಾರತ್ರಾನೂ ಕೇಳುದಿಲ್ಲ, ನಿಮ್ಮತ್ರನೇ ಕೇಳುದು."

ಈ ಮಾತಿನಲ್ಲಿದ್ದ ಅಪಾಯ ಅಂದು ಅವನಿಗೆ ಕಾಣಲಿಲ್ಲ. ಗೆದ್ದವನಿಗೆ ಕಾಣುವುದಿಲ್ಲ.

ನಂತರ ನಡೆದದ್ದು ಒಂದು ತನಿಖೆ. ಹೊನ್ನಾವರದ ಅಂಗಡಿಯವನು ಡಬ್ಬ ಬಿಚ್ಚಿ, ಬ್ಲೇಡಿನ ಹೊಳಪು ತೋರಿಸಿ, ಮೂರು ಜಾರುಗಳನ್ನು ಮೇಜಿನ ಮೇಲೆ ಮದುಮಕ್ಕಳಂತೆ ಸಾಲಾಗಿ ನಿಲ್ಲಿಸಿದ. ರಾಜೀವ ಅವುಗಳ ಕಡೆ ನೋಡದೆ, "ಕೆಟ್ರೆ ಯಾರು ಬತ್ರು?" ಎಂದು ಕೇಳಿದ. ಬೆಳಗ್ಗೆಯ ಬೋಣಿಯ ಹೊತ್ತಿಗೆ ಕೆಡುವ ಮಾತಾಡಿದ್ದಕ್ಕೆ ಅಂಗಡಿಯವನು ಮೂರನ್ನೂ ಒಳಗಿಟ್ಟ. ಭಟ್ಕಳದಲ್ಲಿ ಬಿಳಿ ಗಡ್ಡದ ಸಾಹೇಬರೊಬ್ಬರು ಸಮಾಧಾನದಿಂದಲೇ ಕೇಳಿದರು: "ತಗೊಳ್ಳೋ ಮೊದಲೇ ಕೆಡಿಸೋ ಯೋಚನೆ ಉಂಟಾ ನಿಮಗೆ?" ಕುಮಟೆಯಲ್ಲಿ ಒಬ್ಬ ಸತ್ಯ ನುಡಿದ. ಬಿಳಿ ಡಬ್ಬದ ಕಂಪನಿಯವರು ಯಾರೂ ಬರುವುದಿಲ್ಲ, ಮಿಕ್ಸಿಯೇ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಬೇಕು, ದೀಪಾವಳಿಯೊಳಗೆ ವಾಪಸು ಬರುತ್ತದೆ. ಯಾವ ದೀಪಾವಳಿ ಎಂದು ಮಾತ್ರ ಅವನು ಹೇಳಲಿಲ್ಲ.

ರಾಜೀವ ಡಬ್ಬಗಳ ಮೇಲಿನ ಗ್ರಾಹಕ ಸೇವೆಯ ನಂಬರುಗಳನ್ನೆಲ್ಲ ಬರೆದುಕೊಂಡು ಬಂದು ಒಂದೊಂದಕ್ಕೇ ಫೋನು ಮಾಡಿದ. ಒಂದು ನಂಬರಿನಲ್ಲಿ ಸಂಗೀತ ಬಂತು. ಅವನು ಫೋನನ್ನು ಬದಿಗಿಟ್ಟು ಊಟ ಮುಗಿಸಿ ಕೈತೊಳೆದು ಬಂದರೂ ಅದೇ ಸಂಗೀತ ನಡೆದಿತ್ತು. ಇನ್ನೊಂದು ನಂಬರಿನ ಹೆಂಗಸು ಹಿಂದಿಗೆ ಒಂದು ಒತ್ತು, ಇಂಗ್ಲಿಷಿಗೆ ಎರಡು ಒತ್ತು ಎಂದಳು; ಕನ್ನಡಕ್ಕೆ ಎಷ್ಟು ಒತ್ತಬೇಕೆಂದು ಹೇಳುವ ಮೊದಲೇ ಧನ್ಯವಾದ ಹೇಳಿ ಇಟ್ಟಳು. ನೀಲಿ ಡಬ್ಬದ ಕಂಪನಿ ಮಾತ್ರ ಬೇರೆ ಜಾತಿ. ಫೋನು ಎತ್ತಿದವನು ಕನ್ನಡದಲ್ಲೇ, "ನಮ್ಮ ಹುಡುಗ್ರು ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ತಿರುಗ್ತಾ ಇರ್ತಾರೆ ಸರ್, ಫೋನ್ ಮಾಡಿ, ಅಷ್ಟೇ," ಎಂದ. ಅಷ್ಟಕ್ಕೇ ನಂಬದೆ ರಾಜೀವ ಹಿರೇಗುತ್ತಿಯವರೆಗೂ ಹೋಗಿ, ಅಲ್ಲಿ ಆ ಮಿಕ್ಸಿ ಇಟ್ಟುಕೊಂಡಿದ್ದ, ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರನ್ನು ವಿಚಾರಿಸಿದ. ಗಾಳಿಮಳೆಗೆ ರಸ್ತೆಗೆ ಮರ ಬಿದ್ದ ದಿನವೂ ಕಂಪನಿಯವ ಬಂದಿದ್ದನಂತೆ. ಬೈಕನ್ನು ಮರದ ಆಚೆ ಬಿಟ್ಟು, ಕೊಂಬೆ ಹತ್ತಿಳಿದು, ಒದ್ದೆಯಾಗದಂತೆ ಚೀಲವನ್ನು ತಲೆ ಮೇಲಿಟ್ಟುಕೊಂಡು.

"ಬೇಡ ಅಂದ್ರೂ ಬಿಡ್ಲಿಲ್ಲ," ಎಂದಿದ್ದರು ಅಕ್ಕೋರು. ಆ ಮಾತು ರಾಜೀವನ ಕಿವಿಗೆ ಜೇನಿನಂತೆ ಬಿತ್ತು.

ನೀಲಿ ಡಬ್ಬ ಮನೆಗೆ ಬಂತು. ಅಂದೇ ರಾಜೀವ ಬೋಟಿಗೆ ಹೊಡೆದು ಉಳಿದಿದ್ದ ಬಣ್ಣ ತಂದು, ಬೋಟಿನ ಮೂತಿಗೆ ನಂಬರು ಬರೆಯುವ ಹಾಗೆ, ಗೇಣುದ್ದದ ಅಂಕಿಗಳಲ್ಲಿ ಗ್ರಾಹಕ ಸೇವೆಯ ನಂಬರನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದ. ಉಪ್ಪುನೀರಿಗೂ ಬಿಡದ ಬಣ್ಣ. ಸುಚಿತಾ ಮಿಕ್ಸಿಯನ್ನು ಮಗುಚಿ ನೋಡುತ್ತಿದ್ದಳು.

"ಅಡಿಗೆ ಈ ಕೆಂಪು ಗುಂಡಿ ಎಂತಕ್ಕೆ?"

"ಅದನ್ನ ಮುಟ್ಬೇಡ. ಬೋಟಲ್ಲಿ ಕೆಂಪು ಗುಂಡಿ ಅಂದ್ರೆ ಎಂಜಿನ್ ನಿಲ್ಸುದು."

ಅವಳು ಮುಟ್ಟಲಿಲ್ಲ.

ಏಳು ತಿಂಗಳು ಮಿಕ್ಸಿ ಯಾವ ತಕರಾರೂ ಇಲ್ಲದೆ ತಿರುಗಿತು. ಅದು ಹಾಗೇ ತಿರುಗುತ್ತಿತ್ತೋ ಏನೋ, ಮಳೆಗಾಲ ಬಾರದಿದ್ದರೆ. ಮಳೆ ಹಿಡಿಯಿತೆಂದರೆ ಟ್ರಾಲರುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಬೋಟುಗಳನ್ನು ಮೇಲಕ್ಕೆಳೆದು ಕಟ್ಟಿ, ಎಂಜಿನ್ ಬಿಚ್ಚಿ, ಒಂದೊಂದು ಭಾಗವನ್ನೂ ಡೀಸೆಲ್‌ನಲ್ಲಿ ತೊಳೆದು, ಗ್ರೀಸ್ ಹಚ್ಚಿ ಮತ್ತೆ ಜೋಡಿಸುವ ಕಾಲ ಅದು. ಕೆಟ್ಟಿದೆ ಎಂದು ಬಿಚ್ಚುವುದಲ್ಲ. ಮಳೆಗಾಲ ಎಂದು ಬಿಚ್ಚುವುದು. ಆ ಕೆಲಸ ಈ ಸಲ ಬೇಗ ಮುಗಿದುಬಿಟ್ಟಿತು, ಮಳೆ ಮುಗಿಯಲಿಲ್ಲ. ರಾಜೀವ ಮನೆಯ ಫ್ಯಾನು ಬಿಚ್ಚಿದ. ಸೈಕಲ್ಲು ಬಿಚ್ಚಿದ. ಬಾವಿಯ ರಾಟೆ ಬಿಚ್ಚಿದ. ಸುಚಿತಾ ತಂಗಿಯ ಮನೆಗೆಂದು ಕುಮಟೆಗೆ ಹೋದ ದಿನ, ಮನೆಯಲ್ಲಿ ಬಿಚ್ಚದೇ ಉಳಿದದ್ದು ಒಂದೇ.

ಕೆಲಸ ಚೆನ್ನಾಗಿಯೇ ಆಯಿತು. ಒಳಗೆ ಸೇರಿ ಒಣಗಿದ್ದ ಕಾಯಿತುರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದ. ಬೇರಿಂಗಿಗೆ ಬೋಟಿನ ಗ್ರೀಸನ್ನು ಉಗುರಿನ ತುದಿಯಷ್ಟೇ ಇಟ್ಟ. ತಿರುಪುಗಳನ್ನು ಬಿಗಿ ಮಾಡಿದ. ಮಿಕ್ಸಿ ಚಾಲೂ ಮಾಡಿದರೆ ಮೊದಲಿನ ಗರಗರ ಇಲ್ಲ. ಜೇನುಹುಳ ಹೋದ ಹಾಗೆ ಸಣ್ಣಗೆ ಗುಂಯ್ ಎಂದಿತು. ತೃಪ್ತಿಯಿಂದ ಅದನ್ನು ಮಗುಚಿ ಕೊನೆಯದಾಗಿ ಒರೆಸುವಾಗ, ಒಂದು ತಿರುಪಿನ ಪಕ್ಕ ಹರಿದು ಜೋತಾಡುತ್ತಿದ್ದ ಬಿಳಿ ಕಾಗದದ ಚೂರು ಕಂಡಿತು. ಕನ್ನಡಕ ಹಾಕಿಕೊಂಡು ಓದಿದ. ಈ ಸೀಲ್ ಹರಿದರೆ ವಾರಂಟಿ ರದ್ದಾಗುತ್ತದೆ ಎಂದು ಮೂರು ಭಾಷೆಗಳಲ್ಲಿ ಬರೆದಿತ್ತು, ಅದರಲ್ಲಿ ಕನ್ನಡವೂ ಇತ್ತು. ಎಂಥ ಒಳ್ಳೆಯ ಕಂಪನಿ.

ರಾಜೀವ ಅಲ್ಲೇ ಮಣೆಯ ಮೇಲೆ ಕುಳಿತುಬಿಟ್ಟ. ವಾರಂಟಿ ಹೋದದ್ದು ಅವನಿಗೆ ಅಷ್ಟು ದೊಡ್ಡದಲ್ಲ. ವಾರಂಟಿಗಾಗಿ ಮೂರು ತಾಲೂಕು ಸುತ್ತಿದವನ ಕೈಯಿಂದಲೇ ಅದು ಹೋಯಿತು ಎಂಬುದು ಸುಚಿತಾಳಿಗೆ ಗೊತ್ತಾದರೆ ಅದು ವೀಣಾಳಿಗೆ ಗೊತ್ತಾಗುತ್ತದೆ, ವೀಣಾಳಿಗೆ ಗೊತ್ತಾದರೆ ಕಿರಣನಿಗೆ. ಆಮೇಲೆ ಈ ಮನೆಗೆ ಬರುವ ಪ್ರತಿ ಸಾಮಾನೂ, ಅವನು ಸಾಯುವವರೆಗೆ, ಕುಮಟೆಯಿಂದ ಒಪ್ಪಿಗೆ ಪಡೆದೇ ಬರುತ್ತದೆ.

ದೇವರ ಫೋಟೋದ ಹತ್ತಿರ ಊದುಬತ್ತಿಯ ಪೊಟ್ಟಣವಿತ್ತು. ಅದರ ಜೊತೆ ಪುಕ್ಕಟೆಯಾಗಿ ಬಂದಿದ್ದ ಸಣ್ಣ ಗಣಪತಿ ಸ್ಟಿಕ್ಕರ್ ಕೂಡ ಇತ್ತು. ಹರಿದ ಸೀಲಿನ ಮೇಲೆ ಅವನು ಗಣಪತಿಯನ್ನು ಅಂಟಿಸಿದ. ಅಳತೆ ಹೇಳಿ ಮಾಡಿಸಿದ ಹಾಗೆ ಕೂತಿತು. ಮಿಕ್ಸಿಯನ್ನು ಸರಿಯಾಗಿ ಇಟ್ಟ ಮೇಲಷ್ಟೇ ಇನ್ನೊಂದು ವಿಷಯ ಹೊಳೆದದ್ದು. ಈಗ ಗಣಪತಿ ಬೋರಲು ಮಲಗಿದ್ದಾನೆ, ಅವನ ಬೆನ್ನ ಮೇಲೆ ಸುಚಿತಾ ದಿನಾ ಮೀನುಸಾರಿನ ಮಸಾಲೆ ಅರೆಯುತ್ತಾಳೆ. ಅಂದಿನಿಂದ ಅವನಿಗೆ ಒಂದರ ಬದಲು ಎರಡು ಹೆದರಿಕೆಗಳು.

ಮಿಕ್ಸಿ ಗುಂಯ್ ಎಂದಾಗಲೆಲ್ಲ ಅವನ ಎದೆ ಅದರ ಜೊತೆ ತಿರುಗಿತು. "ಈಗೀಗ ಎಂತಾ ಹಗುರ ಓಡ್ತದೆ," ಎಂದು ಸುಚಿತಾ ಹೊಗಳಿದರೆ, ಅವನು ಮಾತು ಬದಲಿಸಿ ಮಳೆಯ ಬಗ್ಗೆ ಮಾತಾಡಿದ.

ಆಷಾಢದ ಕೊನೆಯ ಭಾನುವಾರ ಬಂತು. ಶ್ರಾವಣ ಹಿಡಿದರೆ ಮನೆಯಲ್ಲಿ ಮೀನು ಬೇಯುವುದಿಲ್ಲ. ಆದ್ದರಿಂದ ಅದರ ಮುಂಚಿನ ಊಟಕ್ಕೆ ಕುಮಟೆಯಿಂದ ವೀಣಾ, ಕಿರಣ, ಜೊತೆಗೆ ಸುಚಿತಾಳ ತಾಯಿ ಗಂಗೆ ಬೆಳಗ್ಗೆಯೇ ಬಂದಿಳಿದಿದ್ದರು. ಹೊಳೆಯ ಬಲೆಗೆ ಬಿದ್ದ ಒಳ್ಳೆಯ ಸಿಗಡಿ ಸಿಕ್ಕಿತ್ತು. ಎಲ್ಲರಿಗೂ ಆಗುವಷ್ಟು ಕಾಯಿ, ಮೆಣಸು, ಕೊತ್ತಂಬರಿಯನ್ನು ಸುಚಿತಾ ಜಾರಿನ ಕುತ್ತಿಗೆಯವರೆಗೆ ತುಂಬಿ ಗುಂಡಿ ತಿರುಗಿಸಿದಳು. ಗುಂಯ್ ಎಂದಿತು. ಗುಂ ಎಂದಿತು. ಆಮೇಲೆ ಏನೂ ಇಲ್ಲ.

ಹೊರಗೆ ಕಿರಣನ ಎದುರು ಕುಳಿತಿದ್ದ ರಾಜೀವನಿಗೆ ಆ ಮೌನ ಕೇಳಿಸಿತು. ಎಂಜಿನ್ ನಿಂತದ್ದು ಎಂಜಿನ್ ನೋಡುವವನಿಗೆ ನಿದ್ದೆಯಲ್ಲೂ ತಿಳಿಯುತ್ತದೆ.

"ಹೋಯ್," ಎಂದಳು ಸುಚಿತಾ ಒಳಗಿಂದ. "ಮಿಕ್ಸಿ ನಿಂತು."

ರಾಜೀವ ಕೈಯಲ್ಲಿದ್ದ ಚಹಾದ ಲೋಟದ ಸಮೇತ ಒಳಗೆ ಓಡಿದ. "ನಾ ನೋಡ್ತೆ, ನೀ ಯಾರಿಗೂ..."

ಅವಳು ಗೋಡೆಯ ಮೇಲಿನ ಗೇಣುದ್ದದ ನಂಬರು ನೋಡಿ ಆಗಲೇ ಫೋನು ಒತ್ತಿದ್ದಳು. ಎರಡನೆಯ ರಿಂಗಿಗೇ ಎತ್ತಿದರು. ಅವಳು ಹೇಳಿದ್ದನ್ನು ಕೇಳಿ, ಭಾನುವಾರವೆಂದು ನೆಪ ಹೇಳದೆ, ಹುಡುಗನನ್ನು ಕಳಿಸುವುದಾಗಿ ಹೇಳಿದರು.

"ಕರ್ಕಿಲೇ ಇದ್ನಂತೆ ಅವ," ಎಂದಳು ಸುಚಿತಾ, ಮೊದಲ ಸಲ ಗಂಡನ ಬಗ್ಗೆ ಸ್ವಲ್ಪ ಹೆಮ್ಮೆಯಿಂದ. "ಒಂದು ತಾಸೊಳಗೆ ಬತ್ನಂತೆ. ನೀವು ಹೇಳಿದ್ದು ಖರೇ ಹೌದು ನೋಡಿ."

ಚಹಾ ಲುಂಗಿಯ ಮೇಲೆ ಚೆಲ್ಲಿದ್ದು ಆಗ.

ಕರ್ಕಿ ಎಂದರೆ ಹೊನ್ನಾವರದ ಆಚೆ ಬದಿ. ಅಲ್ಲಿಂದ ಪೇಟೆ, ಪೇಟೆಯಿಂದ ಶರಾವತಿಯ ಸೇತುವೆ, ಸೇತುವೆ ಇಳಿದರೆ ಮನೆ. ರಾಜೀವ ಛತ್ರಿ ಹಿಡಿದು ಹಿತ್ತಲಿಗೆ ಹೋಗಿ, ನುಗ್ಗೆಮರದ ಅಡಿಗೆ ನಿಂತು, ಕಂಪನಿಯವರು ಸುಚಿತಾಳಿಗೆ ಕಳಿಸಿದ್ದ ನಂಬರಿನಲ್ಲಿ ಸರ್ವಿಸ್‌ನವನಿಗೆ ತಾನೇ ಫೋನು ಮಾಡಿದ. ಹುಬ್ಬಳ್ಳಿಗೆ ಹೋಗಿ ದೀಪಾವಳಿಗೆ ಬರುವ ಬಿಳಿ ಡಬ್ಬದ ಕಂಪನಿಯನ್ನು ಅವನು ಆ ಕ್ಷಣದಲ್ಲಿ ಮನಸಾರೆ ಗೌರವಿಸಿದ.

"ನಮಸ್ಕಾರ ಸರ್, ವೆಂಕಟ್ರಮಣ ಮಾತಾಡುದು. ಹೊರಟೇ ಬಿಟ್ಟೆ."

"ಅರ್ಜೆಂಟ್ ಎಂತದೂ ಇಲ್ಲ. ಇಲ್ಲಿ ಮಳೆ ಸಮಾ ಹೊಡೀತಾ ಅದೆ."

"ರೈನ್‌ಕೋಟ್ ಅದೆ ಸರ್."

"ಸೇತುವೆ ಮೇಲೆ ಲಾರಿ ನಿಂತು ರಸ್ತೆ ಬಂದ್ ಅಂತೆ."

"ಸೇತುವೆ ಮೇಲೇ ಇದ್ದೆ ಸರ್. ಖಾಲಿ ಅದೆ."

ರಾಜೀವನ ಬೆನ್ನಿಗೆ ನುಗ್ಗೆಮರದ ನೀರು ಇಳಿಯುತ್ತಿತ್ತು. "ನಮ್ಮನೆ ಸಿಕ್ಕುದು ಕಷ್ಟ. ಸಂದಿ ಒಳಗೆ."

"ಮೇಡಂ ಲೊಕೇಶನ್ ಕಳ್ಸಿದ್ರು ಸರ್. ನಿಮ್ಮನೆ ಹಿತ್ಲು ಕಾಣ್ತಾ ಅದೆ. ನುಗ್ಗೆಮರದ ಅಡಿಗೆ ಛತ್ರಿ ಹಿಡ್ಕಂಡು ನಿಂತವ್ರು ನೀವೇ ಅಲ್ಲವಾ?"

ವೆಂಕಟ್ರಮಣ ಮೂವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ಮಾತು ಮೆದು, ನಡೆ ಮೆದು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, ನೆಲಕ್ಕೆ ತನ್ನದೇ ಹಳೆಯ ಪೇಪರು ಹಾಸಿ ಕುಳಿತ. ಅವನ ಸುತ್ತ ಮನೆಯವರೆಲ್ಲ ಕುಳಿತರು. ಕಿರಣ ಕುರ್ಚಿಯನ್ನು ಒಳಗೇ ಎಳೆದುಕೊಂಡು ಬಂದ.

"ಎಂತ ಭಾವ, ಬೆವ್ರು ಬಿಡ್ತಾ ಅದೆ? ಸಿಗಡಿ ಇನ್ನೂ ಒಲೆ ಮೇಲೇ ಇಡ್ಲಿಲ್ಲ."

"ಸೆಕೆ," ಎಂದ ರಾಜೀವ. ಹೊರಗೆ ಮಳೆ ಹೆಂಚು ಒಡೆಯುವಂತೆ ಹೊಯ್ಯುತ್ತಿತ್ತು.

ವೆಂಕಟ್ರಮಣ ಎರಡೂ ಕೈಯಿಂದ ಮಿಕ್ಸಿಯನ್ನು ಎತ್ತಿ ನಿಧಾನಕ್ಕೆ ಮಗುಚಿದ. ಗಣಪತಿ ಎಲ್ಲರಿಗೂ ದರ್ಶನ ಕೊಟ್ಟ.

ಅತ್ತೆ ಗಂಗೆ ಅಭ್ಯಾಸಬಲದಿಂದ ಕೈಮುಗಿದಳು.

"ಇದು ಯಾರು ಹಚ್ಚಿದ್ದು ಅಕ್ಕ?" ಎಂದು ಕೇಳಿದ ವೆಂಕಟ್ರಮಣ.

"ನಂಗೆ ಗೊತ್ತಿಲ್ಲ," ಎನ್ನುತ್ತ ಸುಚಿತಾ ಗಂಡನ ಕಡೆ ತಿರುಗಿದಳು.

"ರಕ್ಷಣೆಗೆ," ಎಂದ ರಾಜೀವ. ಸ್ವರ ಬಾವಿಯೊಳಗಿಂದ ಬಂದ ಹಾಗಿತ್ತು.

"ಮೂರು ತಾಲೂಕಿನ ಸರ್ವಿಸ್ ಇದ್ದೂ ಗಣಪತಿ ಬೇಕಾತಾ ಭಾವ?" ಎಂದ ಕಿರಣ. "ನಮ್ಮ ಬೀರ ದೇವರಿಲ್ದೇ ಮಾಡ್ತಾ."

ವೆಂಕಟ್ರಮಣ ಗಣಪತಿಯ ಅಂಚಿಗೆ ಉಗುರು ತಾಗಿಸಿದ. ರಾಜೀವ ಕಣ್ಣು ಮುಚ್ಚಿಕೊಂಡ. ಉಗುರು ಹಿಂದೆ ಹೋಯಿತು. ದೇವರನ್ನು ಕೀಳಲು ಆ ಮನುಷ್ಯನಿಗೆ ಮನಸ್ಸು ಬರಲಿಲ್ಲ. ಅದರ ಬದಲು ಬೆರಳನ್ನು ಪಕ್ಕಕ್ಕೆ ಸರಿಸಿ, ಹೊರಗೆ ಬಂದು ನಿಂತಿದ್ದ ಕೆಂಪು ಗುಂಡಿಯನ್ನು ಒತ್ತಿದ. ಟಿಕ್ ಎಂದಿತು.

"ಜಾರ್ ಜಾಸ್ತಿ ತುಂಬಿದ್ರೆ ಮೋಟರು ಸುಡಬಾರ್ದು ಅಂತ ಇದು ತನ್ನಷ್ಟಕ್ಕೆ ನಿಲ್ಲಿಸ್ತದೆ. ಇದನ್ನ ಒತ್ತಿದ್ರೆ ಆತು. ಬೇರೆ ಎಂತದೂ ಆಗ್ಲಿಲ್ಲ ಅಕ್ಕ."

"ಇದನ್ನೇ ನಾ ಕೇಳಿದ್ದೆ," ಎಂದಳು ಸುಚಿತಾ. "ಮುಟ್ಬೇಡ ಅಂದಿದ್ರು."

ಇದು ಸಣ್ಣ ಪೆಟ್ಟು. ರಾಜೀವ ಅದನ್ನು ಸಂತೋಷದಿಂದ ಸ್ವೀಕರಿಸಿದ. ಅವನು ಕಾಯುತ್ತಿದ್ದ ಪೆಟ್ಟಿನ ಎದುರು ಇದು ಬೆನ್ನು ತಟ್ಟಿದ ಹಾಗೆ. ವೆಂಕಟ್ರಮಣ ಮಿಕ್ಸಿಯನ್ನು ನೆಟ್ಟಗಿಟ್ಟ. ಗಣಪತಿ ಮತ್ತೆ ಬೋರಲಾದ. ಶ್ರಾವಣದಲ್ಲಿ ಇಡಗುಂಜಿಯ ಗಣಪತಿ ಗುಡಿಗೆ ಹೋಗಿ ತೆಂಗಿನಕಾಯಿ ಒಡೆಯುವುದೆಂದು ರಾಜೀವ ಅಲ್ಲೇ ಹರಕೆ ಹೊತ್ತ. ಬಿಡುಗಡೆಗೆ ಇನ್ನು ಚೀಲ ಮುಚ್ಚುವಷ್ಟೇ ಹೊತ್ತು ಬಾಕಿ.

ವೆಂಕಟ್ರಮಣ ಮಿಕ್ಸಿ ಚಾಲೂ ಮಾಡಿ ನೋಡಿದ. ಮಾಡಿದವನು ಏಳಲಿಲ್ಲ. ತಲೆ ವಾಲಿಸಿ ಕಿವಿಯನ್ನು ಹತ್ತಿರ ತಂದ. ನಿಲ್ಲಿಸಿ, ಮತ್ತೆ ಚಾಲೂ ಮಾಡಿದ.

"ಇದು ಎಂತಾ ಸ್ವರ," ಎಂದ. "ನಾ ಈ ಕಂಪನಿ ಸೇರಿ ಇಷ್ಟು ಮಿಕ್ಸಿ ನೋಡ್ದೆ. ಹೊಸದ್ರಲ್ಲೂ ಹೀಂಗೆ ಕೇಳ್ಲಿಲ್ಲ. ಬೇರಿಂಗ್ ಬೆಣ್ಣೆ ಹಾಂಗೆ ತಿರುಗ್ತಾ ಅದೆ."

ರಾಜೀವನ ಬೆನ್ನು ತನ್ನಷ್ಟಕ್ಕೆ ನೆಟ್ಟಗಾಯಿತು.

"ಫ್ಯಾಕ್ಟರಿಲಿ ಯಾರೋ ಒಬ್ಬ ಇದ್ದ," ಎಂದು ವೆಂಕಟ್ರಮಣ ಮುಂದುವರಿಸಿದ. "ಒಬ್ಬೊಬ್ಬನ ಕೈ ಹಾಂಗಿರ್ತದೆ. ಎಲ್ಲಾ ಮಿಕ್ಸಿನೂ ಅವನೇ ಜೋಡಿಸಿದ್ರೆ ನಮ್ಗೆ ಕೆಲಸವೇ ಇರುದಿಲ್ಲ."

"ಅದು ಹೌದು," ಎಂದ ಕಿರಣ, ಎಂದೂ ಏನನ್ನೂ ಒಪ್ಪದವನು. "ಫ್ಯಾಕ್ಟರಿಯವ್ರ ಕೈಯೇ ಕೈ. ನಮ್ಮೂರವ್ರಿಗೆ ಅದೆಲ್ಲ ಎಲ್ಲಿ ಬರ್ಬೇಕು."

ರಾಜೀವ ಹಲ್ಲು ಕಚ್ಚಿ ಹಿಡಿದ. ಬಾಗಿಲು ಅಲ್ಲೇ ಇತ್ತು. ಎದ್ದು ಹೊರಗೆ ಹೋಗಿ ಮಳೆ ನೋಡುತ್ತ ನಿಲ್ಲಬಹುದಿತ್ತು.

"ಯಾವ ಊರವನೋ ಏನೋ," ಎಂದ ವೆಂಕಟ್ರಮಣ ಚೀಲಕ್ಕೆ ಕೈ ಹಾಕುತ್ತ. "ಕಂಡ್ರೆ ಒಂದು ನಮಸ್ಕಾರ ಹಾಕುದಿತ್ತು."

"ಅವ ಫ್ಯಾಕ್ಟರಿಲಿ ಇಲ್ಲ," ಎಂದಿತು ರಾಜೀವನ ಬಾಯಿ.

ಹೆದರಿಕೆಯ ಎದುರು ವಾರಗಟ್ಟಲೆ ಮುಚ್ಚಿದ್ದ ಬಾಯಿ ಹೊಗಳಿಕೆಯ ಎದುರು ಒಂದು ನಿಮಿಷ ನಿಲ್ಲಲಿಲ್ಲ. ತೆರೆದದ್ದು ಮುಚ್ಚಲೂ ಇಲ್ಲ. ಬೇರಿಂಗಿಗೆ ಹಚ್ಚಿದ್ದು ಬೋಟಿನ ಗ್ರೀಸ್ ಎಂದಿತು. ಎಷ್ಟು ಹಚ್ಚಬೇಕೆಂಬುದರಲ್ಲೇ ಗುಟ್ಟಿರುವುದು ಎಂದಿತು. ಫ್ಯಾಕ್ಟರಿಯವರು ಎಡಗಡೆಯ ತಿರುಪನ್ನು ಸಡಿಲ ಬಿಟ್ಟಿದ್ದರು ಎಂದು ದೂರನ್ನೂ ಹೇಳಿತು. ಸುಚಿತಾಳ ಮುಖ ಕಣ್ಣಿಗೆ ಬಿದ್ದ ಮೇಲೆ ನಿಂತಿತು.

ಅವಳು ಮಿಕ್ಸಿಯನ್ನು ಮಗುಚಿ, ಗಣಪತಿಯನ್ನು ಮೆಲ್ಲಗೆ ಬಿಡಿಸಿ, ಕಣ್ಣಿಗೊತ್ತಿಕೊಂಡು ದೇವರ ಫೋಟೋದ ಪಕ್ಕಕ್ಕೆ ಅಂಟಿಸಿ ಬಂದಳು. ಅವನಿದ್ದ ಜಾಗದಲ್ಲಿ ಹರಿದ ಬಿಳಿ ಕಾಗದವಿತ್ತು. ವೆಂಕಟ್ರಮಣ ಬೇಸರದಿಂದ ಅದರ ಫೋಟೋ ತೆಗೆದು ಕಂಪನಿಗೆ ಕಳಿಸಿದ. ಕಳಿಸದೇ ಇರುವ ಹಾಗಿಲ್ಲ, ತನ್ನ ನೌಕರಿಯ ಪ್ರಶ್ನೆ ಎಂದ. ಅವನು ಚಪ್ಪಲಿ ಮೆಟ್ಟುವುದರೊಳಗೆ ವಾರಂಟಿ ರದ್ದಾದ ಮೆಸೇಜು ಸುಚಿತಾಳ ಫೋನಿಗೆ ಬಂತು. ಅಷ್ಟು ಚುರುಕು ಆ ಕಂಪನಿ.

"ಆತು," ಎಂದಳು ಸುಚಿತಾ. ಬೈಯಲಿಲ್ಲ. ಬೈದಿದ್ದರೆ ರಾಜೀವನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಅವಳು ಹಿತ್ತಲ ಕೋಣೆಯಿಂದ ಬೋಟಿನ ಬಣ್ಣದ ಡಬ್ಬವನ್ನೂ ಕುಂಚವನ್ನೂ ತಂದಳು. ಗೋಡೆಯ ಮೇಲಿನ ಗೇಣುದ್ದದ ನಂಬರಿನ ಮೇಲೆ ಒಂದು ಗೆರೆ ಎಳೆದಳು. ಅದರ ಕೆಳಗೆ, ಅಷ್ಟೇ ದೊಡ್ಡದಾಗಿ, ರಾಜೀವನ ಫೋನ್ ನಂಬರು ಬರೆದಳು. ನಂತರ ಜಾರಿನಲ್ಲಿದ್ದ ಮಸಾಲೆಯನ್ನು ಎರಡು ಪಾಲು ಮಾಡಿ ಅರೆದು ಸಿಗಡಿಗೆ ಹಾಕಿದಳು. ಸಾರು ಚೆನ್ನಾಗಿತ್ತು. ರಾಜೀವನಿಗೆ ರುಚಿ ತಿಳಿಯಲಿಲ್ಲ.

ಊಟವಾದ ಮೇಲೆ ಕಿರಣ ಕೆಮ್ಮಿದ. ಎದ್ದು ಹೊರಗೆ ಹೋಗಿ, ಅಂಗಳದ ಕಾರಿನ ಡಿಕ್ಕಿಯಿಂದ ಗೋಣಿಚೀಲದಲ್ಲಿ ಸುತ್ತಿದ್ದ ಏನನ್ನೋ ತಂದು ರಾಜೀವನ ಎದುರು ಇಟ್ಟ. ಚೀಲ ಸರಿಸಿದರೆ ಕೆಂಪು ಡಬ್ಬದ ಮಿಕ್ಸಿ.

"ತಿಂಗಳಾತು ಭಾವ, ತಿರುಗುದಿಲ್ಲ," ಎಂದ ನೆಲ ನೋಡುತ್ತ. "ಬೀರ ಬಿಚ್ಚಿದ್ದ. ಜೋಡಿಸುಕೆ ಅವನಿಗೆ ಬರ್ಲಿಲ್ಲ. ಹೊನ್ನಾವರದಲ್ಲಿ ಯಾರಿಗಾದ್ರೂ ಕೊಡುವ ಅಂತ ತಂದಿದ್ದೆ."

"ನಂದೂ ಒಂದು ಫ್ಯಾನ್ ಅದೆ," ಎಂದಳು ಗಂಗೆ. "ಮುಂದಿನ ಸಲ ತರ್ತೆ."

ರಾಜೀವ ಹೆಂಡತಿಯ ಕಡೆ ನೋಡಿದ. ಅವಳು ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು.

"ನಾಳೆ ನಾಡಿದ್ದು ನೋಡುವ," ಎಂದ ಅವನು ಮೆಲ್ಲಗೆ, ಸ್ವಲ್ಪ ಘನತೆ ಉಳಿಸಿಕೊಳ್ಳಲು.

ಪಾತ್ರೆಯ ಸದ್ದು ನಿಂತಿತು. ಸುಚಿತಾ ಹಿಂತಿರುಗಲೂ ಇಲ್ಲ.

"ನೀಲಿ ಡಬ್ಬದವ್ರು ಒಂದು ತಾಸೊಳಗೆ ಬಂದಿದ್ರು."

ರಾಜೀವ ಕನ್ನಡಕ ಹಾಕಿಕೊಂಡು, ಸ್ಕ್ರೂಡ್ರೈವರ್ ಹುಡುಕಲು ಎದ್ದ.